ಮಕ್ಕಳೊಡನೆ ವಸ್ತುಸಂಗ್ರಹಶಾಲೆಯಲ್ಲಿ



ಹುಡುಗರಿಗೆ ಬೇಸಗೆಯ ರಜ ಬಂದಿತೆಂದರೆ ಮನೆಯ ಹಿರಿಯರಿಗೆ ಒಂದು ಬಗೆಯ ಕಳವಳ ಹುಟ್ಟುವುದು ಸಹಜ. ಮೊದಲನೆಯ ವಾರ ಅಜ್ಜಿಯ ಮನೆಯಲ್ಲಿ ಕಳೆಯುತ್ತದೆ. ಎರಡನೆಯ ವಾರ ಮಾವಿನ ಹಣ್ಣಿನಲ್ಲಿ ಕಳೆಯುತ್ತದೆ. ಮೂರನೆಯ ವಾರ ಬರುವ ವೇಳೆಗೆ ಜಗಲಿಯ ಮೇಲೆ ಜಗಳ ಮೊದಲಾಗುತ್ತದೆ. ಆಗ ಮನೆಯವರಲ್ಲಿ ಯಾರಾದರೊಬ್ಬರು, “ಇವರನ್ನು ಎಲ್ಲಿಗಾದರೂ ಕರೆದುಕೊಂಡು ಹೋಗಬಾರದೆ?” ಎಂದು ನಮ್ಮ ಕಡೆ ನೋಡುತ್ತಾರೆ. ಮೃಗಾಲಯವನ್ನು ನೋಡಿ ಆಗಿರುತ್ತದೆ. ತೋಟವನ್ನು ಸುತ್ತಿ ಆಗಿರುತ್ತದೆ. ಉಳಿದಿರುವುದು ವಸ್ತುಸಂಗ್ರಹಶಾಲೆ. ಬೇರೆ ಯಾವುದೂ ತೋಚದಿದ್ದಾಗ ಹೋಗತಕ್ಕ ಸ್ಥಳವೆಂದೇ ನಮ್ಮಲ್ಲಿ ಬಹುಮಂದಿ ಅದನ್ನು ಎಣಿಸಿದ್ದೇವೆ. ನಾವೂ ಹಾಗೆಯೇ ಎಣಿಸಿದ್ದವರು. ಆ ಎಣಿಕೆ ತಪ್ಪೆಂದು ನಮಗೆ ಹೇಗೆ ತಿಳಿಯಿತೆಂಬುದನ್ನು, ಅದನ್ನು ನಮಗೆ ತಿಳಿಸಿಕೊಟ್ಟವರು ಮಕ್ಕಳೇ ಎಂಬುದನ್ನು, ಈ ಹೊತ್ತು ತಮ್ಮ ಮುಂದೆ ಅರಿಕೆ ಮಾಡಿಕೊಳ್ಳಬೇಕೆಂದಿದ್ದೇವೆ.

ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಶಾಲೆಯನ್ನು ತಮ್ಮಲ್ಲಿ ಅನೇಕರು ಹೊರಗಿನಿಂದಲಾದರೂ ನೋಡಿರಬಹುದು. ಕಬ್ಬನ್ ಉದ್ಯಾನದ ಅಂಚಿನಲ್ಲಿ, ಕೆಂಪು ಬಣ್ಣದ ಗೋಡೆಗಳೂ ಎತ್ತರವಾದ ಕಂಬಗಳೂ ಉಳ್ಳ ಕಟ್ಟಡ ಅದು. ಈ ಸಂಸ್ಥೆ ಸ್ಥಾಪಿತವಾದದ್ದು 1865ರಲ್ಲಿ. ಮದ್ರಾಸಿನಲ್ಲಿ ಅದಕ್ಕೆ ಹದಿನಾಲ್ಕು ವರ್ಷಗಳ ಹಿಂದೆಯೇ ಇಂಥದೊಂದು ಸಂಸ್ಥೆಯನ್ನು ಕಟ್ಟಿದ್ದ ಎಡ್ವರ್ಡ್ ಬಾಲ್ಫರ್ ಎಂಬ ವೈದ್ಯರು ಇದಕ್ಕೂ ಕಾರಣಪುರುಷರು. ಆಗ ಮೈಸೂರಿನ ಕಮಿಷನರಾಗಿದ್ದವರು ಬೌರಿಂಗ್ ಸಾಹೇಬರು. ಮೊದಲು ಇದು ದಂಡಿನ ಪ್ರದೇಶದಲ್ಲಿ ಹಳೆಯ ಸೆರೆಮನೆಯ ಕಟ್ಟಡವೊಂದರಲ್ಲಿ ಇದ್ದಿತು. ಆ ಬೀದಿಗೆ ಮ್ಯೂಸಿಯಂ ರಸ್ತೆಯೆಂಬ ಹೆಸರು ಇಂದಿಗೂ ಉಳಿದಿದೆ. ಅಠಾರಾ ಕಚೇರಿಯನ್ನು ಕಟ್ಟಿಸಿದ ಸ್ಯಾಂಕಿ ಸಾಹೇಬರ ಯೋಜನೆಯಂತೆ 1877ರಲ್ಲಿ ಈಗಿನ ಕಟ್ಟಡ ಎದ್ದಿತು. ಊರಿನ ಜನ ಹಿಂದೆ ಇದನ್ನು ‘ತಮಾಷೆ ಬಂಗಲೆ’ ಎಂದು ಕರೆಯುತ್ತಿದ್ದರೆಂಬ ಮಾತುಂಟು. ವಿನೋದಕ್ಕೆ ಹುಟ್ಟಿದ ಹೆಸರಾದರೂ ಅದರಲ್ಲಿ ಒಂದು ಸತ್ಯವಿದೆ. ಜನ ಅಲ್ಲಿಗೆ ಹೋಗುತ್ತಿದ್ದುದು ಪಾಂಡಿತ್ಯವನ್ನು ಸಂಪಾದಿಸಲಿಕ್ಕಲ್ಲ, ಬೆರಗುಗೊಳ್ಳಲಿಕ್ಕೆ. ಬೆರಗನ್ನು ಹೊರಗೆ ಬಿಟ್ಟು ಪಾಂಡಿತ್ಯವನ್ನು ಮಾತ್ರ ಒಳಗೆ ಕೊಂಡೊಯ್ದವರು ನಮ್ಮಂಥ ಓದಿದವರು.

ನಮ್ಮ ಮೊದಲ ಸಲದ ಹೋಗಾಣಿಕೆಯ ಕಥೆಯನ್ನು ಮುಚ್ಚುಮರೆಯಿಲ್ಲದೆ ಹೇಳಿಬಿಡುತ್ತೇವೆ. ನಮ್ಮ ಜೊತೆಯಲ್ಲಿ ಮೂವರು ಮೊಮ್ಮಕ್ಕಳು: ಹನ್ನೊಂದು ವರ್ಷದ ಹುಡುಗಿ, ಒಂಬತ್ತು ವರ್ಷದ ಹುಡುಗ, ಐದು ತುಂಬಿದ ಚಿಕ್ಕ ಮಗು. ಹಿಂದಿನ ರಾತ್ರಿ ನಾವು ಎರಡು ಪುಸ್ತಕಗಳನ್ನು ತಿರುವಿಹಾಕಿ ಸಿದ್ಧರಾಗಿದ್ದೆವು. ಬಾಗಿಲಲ್ಲಿ ಕಾಲಿಟ್ಟೊಡನೆ ನಮ್ಮ ಉಪನ್ಯಾಸ ಮೊದಲಾಯಿತು. ಕದಂಬರು, ಗಂಗರು, ರಾಷ್ಟ್ರಕೂಟರು, ಚಾಳುಕ್ಯರು, ಹೊಯ್ಸಳರು, ವಿಜಯನಗರದವರು ಎಂದು ವಂಶಾವಳಿಯನ್ನು ಒಪ್ಪಿಸುತ್ತ ಒಂದು ಪೆಟ್ಟಿಗೆಯಿಂದ ಇನ್ನೊಂದು ಪೆಟ್ಟಿಗೆಗೆ ಮಕ್ಕಳನ್ನು ಅಟ್ಟಿಕೊಂಡು ಹೋದೆವು. ಚಂದ್ರವಳ್ಳಿಯ ಮಡಕೆಯ ಚೂರುಗಳ ಮುಂದೆ ನಿಂತು, ಚಿತ್ರದುರ್ಗದ ಬಳಿಯ ಆ ಕಣಿವೆಯಲ್ಲಿ ಡಾಕ್ಟರ್ ಎಂ. ಎಚ್. ಕೃಷ್ಣರು ಅಗೆಯಿಸಿದುದನ್ನೂ, 1947ರಲ್ಲಿ ವೀಲರ್ ಸಾಹೇಬರು ಮತ್ತೆ ಅಗೆಯಿಸಿದುದನ್ನೂ ವಿಸ್ತಾರವಾಗಿ ಹೇಳಿದೆವು. ಹೇಳಿ ಮುಗಿಸಿ ತಿರುಗಿ ನೋಡಿದರೆ ಕೇಳುವವರೇ ಇಲ್ಲ. ಹುಡುಗ ನುಣುಪಾದ ನೆಲದ ಮೇಲೆ ಜಾರುವ ಆಟದಲ್ಲಿದ್ದನು. ಹುಡುಗಿ ಗೋಡೆಗೆ ಒರಗಿ ನಿಂತು ಕಿಟಕಿಯ ಹೊರಗಿನ ಮರಗಳನ್ನು ನೋಡುತ್ತಿದ್ದಳು. ಚಿಕ್ಕ ಮಗು ನಮ್ಮ ಪಂಚೆಯ ಅಂಚನ್ನು ಹಿಡಿದು, “ತಾತ, ಚಕ್ಕುಲಿ ಯಾವಾಗ ಕೊಡ್ತೀಯ?” ಎಂದು ಕೇಳಿತು. ಒಂದು ಗಂಟೆಯಲ್ಲಿ ಎರಡು ಸಾವಿರ ವರ್ಷಗಳನ್ನು ದಾಟಿಸಿದ್ದೆವು. ಹೊರಗೆ ಬಂದು ಮೆಟ್ಟಿಲ ಮೇಲೆ ಕುಳಿತು ಚಕ್ಕುಲಿ ತಿನ್ನುವಾಗ, “ಏನು ನೋಡಿದಿರಿ?” ಎಂದು ಕೇಳಿದೆವು. ಮೂವರೂ ಒಬ್ಬರ ಮುಖವನ್ನೊಬ್ಬರು ನೋಡಿಕೊಂಡರು. ಕೊನೆಗೆ ಹುಡುಗನು, “ಕಲ್ಲು” ಎಂದನು.

ಆ ಒಂದು ಮಾತು ನಮ್ಮನ್ನು ಬಹುದಿನ ಚುಚ್ಚಿತು. ತಪ್ಪು ಹುಡುಗನದಲ್ಲ, ಕಲ್ಲಿನದೂ ಅಲ್ಲ. ಹಸಿವಿಲ್ಲದವನ ಎಲೆಗೆ ಹದಿನಾರು ಬಗೆಯ ಭಕ್ಷ್ಯಗಳನ್ನು ಒಟ್ಟಿಗೇ ಬಡಿಸಿ, ಉಣ್ಣಲಿಲ್ಲವೆಂದು ಅವನನ್ನೇ ಗದರಿಸುವ ಆತಿಥ್ಯದಂತೆ ಆಗಿತ್ತು ನಮ್ಮದು.

ಮುಂದಿನ ವರ್ಷ ಮತ್ತೆ ರಜ ಬಂದಿತು. ಈ ಸಲ ನಾವು ಬೇರೆ ಉಪಾಯವನ್ನು ಹಿಡಿದೆವು. “ಇವತ್ತು ನಿಮಗೆ ಒಂದೇ ಒಂದು ಕಲ್ಲನ್ನು ತೋರಿಸುತ್ತೇವೆ. ಅದರಲ್ಲಿ ಒಂದು ನಾಯಿ ಇದೆ. ನಾಯಿಯನ್ನು ಯಾರು ಮೊದಲು ಕಂಡುಹಿಡಿಯುತ್ತಾರೋ ಅವರು ಗೆದ್ದ ಹಾಗೆ” ಎಂದೆವು. ಒಳಗೆ ಹೋದಮೇಲೆ ನಾವು ಬಾಯಿಬಿಡಲಿಲ್ಲ. ಹಿಂದಿನ ವರ್ಷ ಕಾಲೆಳೆದುಕೊಂಡು ಬಂದಿದ್ದ ಮಕ್ಕಳು ಈಗ ಒಂದೊಂದು ಕಲ್ಲಿನ ಮುಂದೆಯೂ ಬಗ್ಗಿ ನೋಡುತ್ತ ಹೋದರು. “ಇದು ಕುದುರೆ, ಇದು ಆನೆ, ಇದು ಹಸು” ಎಂದು ತಾವೇ ಗುರುತಿಸಿದರು. ಸ್ವಲ್ಪ ಹೊತ್ತಿನಮೇಲೆ ಚಿಕ್ಕ ಮಗುವಿನ ದನಿ ಕೇಳಿಸಿತು: “ಸಿಕ್ಕಿತು! ತಾತ, ನಾಯಿ ಜಗಳ ಆಡ್ತಿದೆ!”

ಅದೇ ಆತಕೂರಿನ ಕಲ್ಲು. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿಗೆ ಸೇರಿದ ಆತಕೂರೆಂಬ ಹಳ್ಳಿಯಲ್ಲಿ ಹುಟ್ಟಿ, ಈಗ ಬೆಂಗಳೂರಿನಲ್ಲಿ ವಾಸವಾಗಿರುವ ಕಲ್ಲು. ನಾಯಿಯೊಂದೂ ಕಾಡುಹಂದಿಯೊಂದೂ ಎದುರುಬದುರಾಗಿ ಕಾದುತ್ತಿರುವ ಚಿತ್ರ. ಅದರ ಸುತ್ತಲೂ ಹಳಗನ್ನಡ ಅಕ್ಷರಗಳ ಸಾಲುಗಳು. ಶಕವರ್ಷ 872, ಅಂದರೆ ಕ್ರಿಸ್ತಶಕ 949-50ರ ಕಾಲದ್ದು. ಮಕ್ಕಳು ಅದರ ಮುಂದೆ ನೆಲದ ಮೇಲೆಯೇ ಕುಳಿತರು, ನಾವೂ ಕುಳಿತೆವು. “ಈ ನಾಯಿಯ ಹೆಸರೇನು ತಾತ?” ಎಂದು ಹುಡುಗನು ಕೇಳಿದನು. “ಕಾಳಿ” ಎಂದೆವು. ಹೆಸರನ್ನು ಕೇಳಿದೊಡನೆ ಮೂವರ ಮುಖವೂ ಬೇರೆಯಾಯಿತು. ಸಾವಿರದ ಎಪ್ಪತ್ತು ವರ್ಷಗಳಿಗೂ ಹಿಂದಿನ ನಾಯಿಯೊಂದಕ್ಕೆ ಹೆಸರಿತ್ತು, ಆ ಹೆಸರು ಇನ್ನೂ ಇದೆ ಎಂಬುದು ಅವರಿಗೆ ಯಾವ ಚಕ್ರವರ್ತಿಯ ಬಿರುದಾವಳಿಗಿಂತಲೂ ದೊಡ್ಡ ಸಂಗತಿಯಾಗಿ ಕಂಡಿತು.

ಆಮೇಲೆ ಕಥೆಯನ್ನು ಹೇಳುವುದು ಸುಲಭವಾಯಿತು. ರಾಷ್ಟ್ರಕೂಟರ ದೊರೆ ಮೂರನೆಯ ಕೃಷ್ಣ, ಅವನನ್ನು ಕನ್ನರದೇವನೆಂದು ಕರೆಯುತ್ತಿದ್ದರು. ಅವನಿಗೂ ಚೋಳರಿಗೂ 949ರಲ್ಲಿ ತಕ್ಕೋಲವೆಂಬಲ್ಲಿ ದೊಡ್ಡ ಕಾಳಗವಾಯಿತು. ತಕ್ಕೋಲ ಇರುವುದು ಈಗಿನ ತಮಿಳುನಾಡಿನ ಅರಕ್ಕೋಣದ ಬಳಿ. ಕೃಷ್ಣನ ಪಕ್ಷದಲ್ಲಿ ನಿಂತು ಕಾದಿದವನು ಗಂಗರ ಅರಸು ಇಮ್ಮಡಿ ಬೂತುಗ. ಚೋಳ ರಾಜಕುಮಾರನಾದ ರಾಜಾದಿತ್ಯನನ್ನು ಬೂತುಗನು ಕೊಂದನು. ಕೃಷ್ಣನು ಮೆಚ್ಚಿ ಅವನಿಗೆ ಬನವಾಸೆ ಹನ್ನೆರಡು ಸಾವಿರ, ಬೆಳ್ವೊಲ ಮುನ್ನೂರು, ಪುರಿಗೆರೆ ಮುನ್ನೂರು ಮೊದಲಾದ ನಾಡುಗಳನ್ನು ಕೊಟ್ಟನು. ಬೂತುಗನ ಬಳಿಯಲ್ಲಿ ಮಣಲೇರನೆಂಬ ಬಂಟನಿದ್ದನು. ಅವನೂ ಆ ಯುದ್ಧದಲ್ಲಿ ಶೌರ್ಯವನ್ನು ತೋರಿಸಿದ್ದನು. ಬೂತುಗನು ಮೆಚ್ಚಿ, ಬೇಕಾದುದನ್ನು ಕೇಳೆಂದನು. “ಏನು ಕೇಳಿದನು, ಹೇಳಿ ನೋಡೋಣ?” ಎಂದೆವು. ಹುಡುಗನು “ಕುದುರೆ” ಎಂದನು; ಹುಡುಗಿ “ಬಂಗಾರ” ಎಂದಳು. ಚಿಕ್ಕ ಮಗು ಕಲ್ಲನ್ನೇ ನೋಡುತ್ತ, “ನಾಯಿ!” ಎಂದಿತು. ನಿಜ, ಅವನು ಕೇಳಿದ್ದು ಕಾಳಿಯನ್ನು. ಒಡೆಯನು ನಾಡುಗಳನ್ನು ಪಡೆದ ಯುದ್ಧದಲ್ಲಿ ಬಂಟನು ಬೇಡಿದ್ದು ಒಂದು ನಾಯಿಯನ್ನು. ಮಣಲೇರನಿಗೆ ಆತಕೂರು ಮೊದಲಾದ ಊರುಗಳು ಬಾಳ್ಗಚ್ಚಾಗಿ, ಎಂದರೆ ಬಾಳನ್ನು ತೊಳೆದು ಕೊಡುವ ಉಂಬಳಿಯಾಗಿ, ದೊರೆತುವೆಂದೂ ಅದೇ ಕಲ್ಲು ಹೇಳುತ್ತದೆ. ಆದರೆ ಅವನು ಬಾಯಿಬಿಟ್ಟು ಬೇಡಿದ್ದು ನಾಯಿಯೊಂದನ್ನೇ.

ಕೆಳಲೆ ನಾಡಿನ ಬೆಳತೂರಿನ ಪಡುವಣ ಗುಡ್ಡದಲ್ಲಿ ಒಂದು ದೊಡ್ಡ ಹಂದಿಯ ಮೇಲೆ ಕಾಳಿಯನ್ನು ಬಿಟ್ಟರು. ನಾಯಿಯೂ ಹಂದಿಯೂ ಕಾದಾಡಿ ಎರಡೂ ಸತ್ತುವು. ಅದರ ನೆನಪಿಗಾಗಿ ಆತಕೂರಿನ ಚಲ್ಲೇಶ್ವರ ದೇವರ ಮುಂದೆ ಈ ಕಲ್ಲನ್ನು ನಡಿಸಿ, ಹಿರಿಯ ಕೆರೆಯ ಕೆಳಗೆ ಎರಡು ಖಂಡುಗ ನೆಲವನ್ನು ಬಿಟ್ಟರು.

ನಾವು ಇಲ್ಲಿಗೆ ನಿಲ್ಲಿಸಿದೆವು. ಚಿಕ್ಕ ಮಗು ಕಲ್ಲಿನ ಕಡೆಗೆ ಬಗ್ಗಿ, “ಪಾಪ!” ಎಂದಿತು.

ಹುಡುಗನಿಗೆ ಬೇರೊಂದು ಸಂದೇಹ ಬಂದಿತು. “ಹಂದಿಯೂ ಸತ್ತಿತಲ್ಲ ತಾತ, ಅದಕ್ಕೆ ಯಾರೂ ಕಲ್ಲು ಹಾಕಿಸಲಿಲ್ಲವೆ?” ಎಂದು ಕೇಳಿದನು. ನಾವು ಉತ್ತರ ಕೊಡುವ ಮೊದಲೇ ಹುಡುಗಿ, “ಅದೂ ಇದೇ ಕಲ್ಲಿನಲ್ಲೇ ಇದೆಯಲ್ಲೋ!” ಎಂದಳು. ಈ ಮಾತಿನಿಂದ ನಮಗೆ ಒಳ್ಳೆಯ ದಾರಿಯೊಂದು ಸಿಕ್ಕಿತು. ಗೆದ್ದವರ ಕಲ್ಲಿನಲ್ಲಿ ಸೋತವರೂ ಇರುತ್ತಾರೆ. ಆದರೆ ಗೆದ್ದವರು ಕಂಡಂತೆ ಇರುತ್ತಾರೆ. ಬೂತುಗನು ರಾಜಾದಿತ್ಯನನ್ನು ಕೊಂದನೆಂದು ಈ ಕಲ್ಲು ಹೆಮ್ಮೆಪಡುತ್ತದೆ. ಚೋಳರ ಶಾಸನಗಳಾದರೆ ಅದೇ ರಾಜಾದಿತ್ಯನನ್ನು ‘ಆನೆಯ ಮೇಲೆ ಮಡಿದ ದೇವರು’ ಎಂದು ಗೌರವದಿಂದ ನೆನೆಯುತ್ತವೆ. ಒಂದೇ ಕಾಳಗ, ಎರಡು ನೆನಪುಗಳು. ಒಂದನ್ನು ಮಾತ್ರ ಓದಿದವನಿಗೆ ಅರ್ಧ ಮಾತ್ರ ತಿಳಿಯುತ್ತದೆ. ಇದನ್ನು ಪಾಠದ ಪುಸ್ತಕದಿಂದ ಹತ್ತು ವರ್ಷದ ಹುಡುಗನಿಗೆ ತಿಳಿಸಲು ಎಷ್ಟು ಪ್ರಯಾಸವಾಗುತ್ತಿತ್ತೋ! ಹಂದಿಯ ನೆಪದಿಂದ ಅವನಿಗೆ ಅದು ಕ್ಷಣಮಾತ್ರದಲ್ಲಿ ತಿಳಿಯಿತು.

ಇಷ್ಟಕ್ಕೇ ಮುಗಿದಿದ್ದರೆ ನಾವು ಸಂತೋಷದಿಂದ ಮನೆಗೆ ಹೋಗುತ್ತಿದ್ದೆವು. ಈ ಭಾಷಣಕ್ಕೆ ಅವಕಾಶವೂ ಇರುತ್ತಿರಲಿಲ್ಲ. ಆದರೆ ಕಲ್ಲಿನ ಕೊನೆಯ ಮಾತುಗಳನ್ನು ನಾವು ಹೇಳದೆ ಬಿಟ್ಟಿರಲಿಲ್ಲ. ಆ ನೆಲವನ್ನು ಹಾಳುಮಾಡಿದವನು, ಅವನು ಒಕ್ಕಲಾಗಲಿ, ನಾಡನ್ನಾಳುವವನಾಗಲಿ, ಊರನ್ನಾಳುವವನಾಗಲಿ, ಆ ನಾಯಿ ಮಾಡಿದ ಪಾಪವನ್ನು ಹೊರುವನು. ಆ ಸ್ಥಾನವನ್ನು ನೋಡಿಕೊಳ್ಳುವ ಗೊರವನು ಈ ಕಲ್ಲನ್ನು ಪೂಜಿಸದೆ ಉಂಡರೆ ಅವನಿಗೂ ನಾಯಿ ಮಾಡಿದ ಪಾಪ ತಟ್ಟುವುದು. ಇದು ಶಾಸನದ ಅಭಿಪ್ರಾಯ.

ಹನ್ನೆರಡು ವರ್ಷದ ಹುಡುಗಿ ಇದನ್ನು ಕೇಳಿ ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ, “ತಾತ, ಕಲ್ಲು ಇಲ್ಲಿಗೆ ಬಂದುಬಿಟ್ಟಿತಲ್ಲ. ಈಗ ಪೂಜೆ ಯಾರು ಮಾಡುತ್ತಾರೆ? ಯಾರೂ ಮಾಡದಿದ್ದರೆ ಪಾಪ ಯಾರಿಗೆ?” ಎಂದು ಕೇಳಿದಳು.

ನಮ್ಮಲ್ಲಿ ಉತ್ತರವಿರಲಿಲ್ಲ. ನಲವತ್ತು ವರ್ಷಗಳಿಂದ ಈ ಶಾಸನದ ಹೆಸರನ್ನು ಕೇಳಿದವರು ನಾವು. ಅದರ ಭಾಷೆಯ ವಿಚಾರವಾಗಿ ಓದಿದ್ದೆವು; ತಕ್ಕೋಲದ ಯುದ್ಧದ ಕಾಲವನ್ನು ಗೊತ್ತುಮಾಡುವುದಕ್ಕೆ ಅದು ಎಷ್ಟು ಉಪಯುಕ್ತವೆಂಬುದನ್ನು ಓದಿದ್ದೆವು. ಅದರಲ್ಲಿ ನಮಗೂ ಒಂದು ಅಪ್ಪಣೆ ಇದೆಯೆಂದು ಒಂದು ದಿನವೂ ತೋರಿರಲಿಲ್ಲ. ಈ ಹುಡುಗಿಯಾದರೋ ಅದನ್ನು ಶಾಸನವೆಂದೇ, ಎಂದರೆ ಪಾಲಿಸಬೇಕಾದ ಮಾತೆಂದೇ, ಓದಿದಳು.

ಈ ಪ್ರಶ್ನೆ ಸಾಮಾನ್ಯವಾದುದಲ್ಲ. ವಸ್ತುಸಂಗ್ರಹಶಾಲೆಯ ಗುಣದೋಷಗಳೆರಡೂ ಇದರಲ್ಲಿ ಅಡಗಿವೆ. ಒಂದು ಕಲ್ಲು ತನ್ನ ಊರಿನಲ್ಲಿದ್ದಾಗ ಅದಕ್ಕೆ ಕೆರೆ ಇರುತ್ತದೆ, ಗದ್ದೆ ಇರುತ್ತದೆ, ದೇವರು ಇರುತ್ತಾನೆ, ಎದುರಿಗೆ ಕಾಣುವ ಗುಡ್ಡವಿರುತ್ತದೆ. ಅದನ್ನು ಕಿತ್ತು ತಂದು ನಗರದ ನೆರಳಿನಲ್ಲಿ ನಿಲ್ಲಿಸಿದರೆ ಅದರ ಅಕ್ಷರಗಳು ಉಳಿಯುತ್ತವೆ. ಸುತ್ತಣ ಸಂಸಾರ ಅಳಿಯುತ್ತದೆ. ಹಾಗಾದರೆ ತಂದದ್ದು ತಪ್ಪೆ? ತಾರದೆ ಬಿಟ್ಟ ಕಲ್ಲುಗಳ ಗತಿ ಏನಾಯಿತೆಂಬುದನ್ನು ನೋಡಿದಮೇಲಲ್ಲವೆ ಇದಕ್ಕೆ ಉತ್ತರ ಹೇಳಬೇಕಾದುದು? ಅದಕ್ಕಾಗಿ ಆ ರಜದಲ್ಲಿಯೇ ಮಕ್ಕಳನ್ನು ಕರೆದುಕೊಂಡು ಇನ್ನೆರಡು ಕಡೆಗೆ ಹೋದೆವು.

ಮೊದಲನೆಯದು ಬೇಗೂರು. ಹೊರಡುವ ಮುನ್ನ ವಸ್ತುಸಂಗ್ರಹಶಾಲೆಯಲ್ಲಿಯೇ ಇರುವ ಬೇಗೂರಿನ ವೀರಗಲ್ಲನ್ನು ಮಕ್ಕಳಿಗೆ ತೋರಿಸಿದ್ದೆವು. ಆನೆ, ಕುದುರೆ, ಬಿಲ್ಲಾಳುಗಳಿಂದ ಕಿಕ್ಕಿರಿದ ಕಾಳಗದ ಚಿತ್ರ ಅದರಲ್ಲಿದೆ. ಗಂಗರ ಎರೆಯಪ್ಪನ ಅಪ್ಪಣೆಯಂತೆ ಅಯ್ಯಪದೇವನಿಗೆ ನೆರವಾಗಿ ಹೋದ ನಾಗತ್ತರನೆಂಬವನು ವೀರಮಹೇಂದ್ರನ ಸೈನ್ಯದೊಡನೆ ತುಂಬೆಪಾಡಿಯಲ್ಲಿ ಕಾದಿ ಮಡಿದನೆಂದೂ, ಅದನ್ನು ಕೇಳಿ ಎರೆಯಪ್ಪನು ಇರುಗನೆಂಬವನಿಗೆ ನಾಗತ್ತರನ ಪಟ್ಟವನ್ನು ಕಟ್ಟಿ ಬೆಂಪೂರು ಹನ್ನೆರಡನ್ನು ಕೊಟ್ಟನೆಂದೂ ಅದು ಹೇಳುತ್ತದೆ. ಆ ಬೆಂಪೂರೇ ಇಂದಿನ ಬೇಗೂರು. ಅಲ್ಲಿಯ ನಾಗೇಶ್ವರ ದೇವಾಲಯದ ಆವರಣದಲ್ಲಿ ಇನ್ನೊಂದು ಕಲ್ಲಿದೆ. ಅದು ಊರನ್ನು ಬಿಟ್ಟು ಬಂದಿಲ್ಲ. ಕ್ರಿಸ್ತಶಕ ಸುಮಾರು 900ರದು. ನಾಗತ್ತರನ ಮನೆತನಕ್ಕೆ ಸೇರಿದವನೊಬ್ಬನು ಬೆಂಗಳೂರ ಕಾಳಗದಲ್ಲಿ ಸತ್ತನೆಂದು ಅದರಲ್ಲಿ ಬರೆದಿದೆ.

ಮಕ್ಕಳಿಗೆ ಇದು ದೊಡ್ಡ ಆಶ್ಚರ್ಯವಾಯಿತು. ಬೇಟೆಯಲ್ಲಿ ದಾರಿತಪ್ಪಿದ ಬಲ್ಲಾಳರಾಯನಿಗೆ ಮುದುಕಿಯೊಬ್ಬಳು ಬೆಂದ ಕಾಳನ್ನು ಕೊಟ್ಟಳಂತೆ, ಅದರಿಂದ ಬೆಂದಕಾಳೂರೆಂಬ ಹೆಸರು ಬಂದಿತಂತೆ ಎಂಬ ಕಥೆ ಅವರಿಗೆ ಬಾಯಿಪಾಠವಾಗಿತ್ತು. ಕೆಂಪೇಗೌಡರು 1537ರಲ್ಲಿ ಪೇಟೆಯನ್ನು ಕಟ್ಟಿದರೆಂಬುದೂ ತಿಳಿದಿತ್ತು. ಹೊಯ್ಸಳ ಬಲ್ಲಾಳರು ಹುಟ್ಟುವುದಕ್ಕೆ ಎಷ್ಟೋ ಮುಂಚೆಯೇ, ಕೆಂಪೇಗೌಡರಿಗೆ ಆರುನೂರು ವರ್ಷಗಳಿಗೂ ಹಿಂದೆಯೇ, ಬೆಂಗಳೂರೆಂಬ ಹೆಸರು ಇಲ್ಲಿ ಇದ್ದಿತೆಂಬುದಕ್ಕೆ ಈ ಕಲ್ಲೇ ಸಾಕ್ಷಿ. “ಹಾಗಾದರೆ ಮುದುಕಿಯ ಕಥೆ ಸುಳ್ಳೇ?” ಎಂದು ಹುಡುಗನು ಮುಖ ಬಾಡಿಸಿಕೊಂಡನು. ಸುಳ್ಳೆನ್ನಬೇಕಾದುದಿಲ್ಲ, ಅದು ಕಥೆ. ಕಥೆಗೂ ಕಲ್ಲಿಗೂ ಬೇರೆ ಬೇರೆ ಕೆಲಸಗಳು ಎಂದು ಸಮಾಧಾನ ಹೇಳಿದೆವು. ಕಥೆ ಒಂದು ಊರು ತನ್ನನ್ನು ಹೇಗೆ ಕಾಣಲು ಬಯಸುತ್ತದೆಂಬುದನ್ನು ಹೇಳುತ್ತದೆ. ಬಂದ ಹಸಿದವನಿಗೆ ಅನ್ನ ಕೊಟ್ಟ ಊರು ತಾನೆಂದು ಹೇಳಿಕೊಳ್ಳುವುದು ಕೆಟ್ಟ ಬಯಕೆಯಲ್ಲ. ಕಲ್ಲಾದರೋ ಇದ್ದುದನ್ನು ಇದ್ದಂತೆ ಹೇಳುತ್ತದೆ: ಇಲ್ಲಿ ಒಂದು ಕಾಳಗವಾಯಿತು, ಒಬ್ಬನು ಸತ್ತನು.

ಎರಡನೆಯದು ಹೆಬ್ಬಾಳ. ಅಲ್ಲಿಯ ಕಲ್ಲಿನ ಕಥೆ ಇನ್ನೂ ವಿಚಿತ್ರವಾದುದು. ಗಂಗರ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿಸ್ತಶಕ 750ರದು; ಕಿತ್ತಯ್ಯನೆಂಬವನು ಊರಿನ ಮೇಲೆ ಬಂದ ಶತ್ರುಗಳೊಡನೆ ಹೋರಾಡಿ ಮಡಿದುದನ್ನು ತಿಳಿಸುತ್ತದೆ. ಹೆಬ್ಬಾಳದ ಹಳೆಯ ಹೆಸರು ಪೆರ್ಬೊಳಲು ಎಂಬುದು ಅದರಿಂದ ಗೊತ್ತಾಗುತ್ತದೆ. ಈ ಕಲ್ಲು ಬೆಳಕಿಗೆ ಬಂದದ್ದು 2018ರಲ್ಲಿ. ಅದುವರೆಗೆ ಅದನ್ನು ಯಾರೂ ಗುರುತಿಸಿರಲಿಲ್ಲ. ಕಣ್ಣುಳ್ಳವರು ಯಾರೋ ನೋಡಿದರು. ಅಕ್ಷರ ಬಲ್ಲವರು ಓದಿದರು. ಆ ಬಡಾವಣೆಯ ಜನರೇ ಮುಂದಾಗಿ ಅದನ್ನು ಕಾಪಾಡಿದರು. ನೋಡುವವರು ಒಂದು ದಿನ ತಡಮಾಡಿದ್ದರೆ ಕಿತ್ತಯ್ಯನು ಎರಡನೆಯ ಸಲ ಸಾಯುತ್ತಿದ್ದನು. ಈ ಸಲ ಯಾರಿಗೂ ತಿಳಿಯದೆ.

ಮೈಸೂರು ಸೀಮೆಯ ಶಾಸನಗಳನ್ನು ಹಳ್ಳಿ ಹಳ್ಳಿಗೂ ಹೋಗಿ ಹುಡುಕಿ, ಓದಿಸಿ, ಅಚ್ಚುಮಾಡಿಸಿದವರು ಬೆಂಜಮಿನ್ ಲೂಯಿ ರೈಸ್ ಮಹಾಶಯರು. ಅವರು ಹುಟ್ಟಿದ್ದು 1837ರಲ್ಲಿ, ಬೆಂಗಳೂರಿನಲ್ಲಿಯೇ. ‘ಎಪಿಗ್ರಾಫಿಯ ಕರ್ನಾಟಿಕ’ ಎಂಬ ಸಂಪುಟಗಳಲ್ಲಿ ಅವರು ಸುಮಾರು ಒಂಬತ್ತು ಸಾವಿರ ಶಾಸನಗಳನ್ನು ಬೆಳಕಿಗೆ ತಂದರು. ಅವರ ತರುವಾಯ ಆರ್. ನರಸಿಂಹಾಚಾರ್ಯರೇ ಮೊದಲಾದವರು ಆ ಕೆಲಸವನ್ನು ಮುಂದುವರಿಸಿದರು. ಆ ಸಂಪುಟಗಳನ್ನು ಕೈಯಲ್ಲಿ ಹಿಡಿದು ಇಂದು ಊರೂರಿಗೆ ಹೋಗುವವರಿಗೆ ಒಂದು ದುಃಖದ ಅನುಭವ ಕಾದಿರುತ್ತದೆ. ಪುಸ್ತಕದಲ್ಲಿ ಇರುವ ಎಷ್ಟೋ ಕಲ್ಲುಗಳು ನೆಲದ ಮೇಲೆ ಇಲ್ಲ. ಕೆಲವು ಮನೆಯ ಅಡಿಪಾಯಕ್ಕೆ ಹೋಗಿವೆ. ಕೆಲವು ಬಟ್ಟೆಯೊಗೆಯುವ ಕಲ್ಲುಗಳಾಗಿ ಸವೆದಿವೆ. ಕೆಲವು ರಸ್ತೆಯನ್ನು ಅಗಲಮಾಡುವಾಗ ಮಣ್ಣುಪಾಲಾಗಿವೆ. ಇದನ್ನು ಮಾಡಿದವರು ದುಷ್ಟರಲ್ಲ. ತಮ್ಮ ಮುಂದೆ ಇರುವುದು ಏನೆಂಬುದನ್ನು ಅವರಿಗೆ ಚಿಕ್ಕಂದಿನಲ್ಲಿ ಯಾರೂ ತೋರಿಸಿಕೊಡಲಿಲ್ಲ, ಅಷ್ಟೆ. “ಏನು ನೋಡಿದೆ?” ಎಂದು ಕೇಳಿದ್ದರೆ ಅವರೂ “ಕಲ್ಲು” ಎಂದೇ ಹೇಳುತ್ತಿದ್ದರು.

ನಾವು ವಸ್ತುಸಂಗ್ರಹಶಾಲೆಗೆ ಮಕ್ಕಳನ್ನು ಕರೆದುಕೊಂಡು ಹೋಗಬೇಕೆಂದು ಹೇಳುವುದು ಈ ಕಾರಣಕ್ಕಾಗಿ. ಅವರು ಪರೀಕ್ಷೆಯಲ್ಲಿ ಹೆಚ್ಚು ಅಂಕಗಳನ್ನು ಪಡೆಯಲೆಂದಲ್ಲ. ಇನ್ನು ಇಪ್ಪತ್ತು ವರ್ಷಗಳಲ್ಲಿ ಮನೆ ಕಟ್ಟಿಸುವವರು, ರಸ್ತೆಯ ನಕ್ಷೆ ಬರೆಯುವವರು, ಕೆರೆಯ ಏರಿಯನ್ನು ದುರಸ್ತು ಮಾಡಿಸುವವರು ಈ ಮಕ್ಕಳೇ. ಆಗ ಗುದ್ದಲಿಗೆ ಒಂದು ಕಲ್ಲು ತಗುಲಿದಾಗ, “ನಿಲ್ಲಿಸಿ, ಅದರಲ್ಲಿ ಏನೋ ಬರೆದಿದೆ” ಎಂದು ಹೇಳುವ ಒಂದು ಬಾಯಿ ಅಲ್ಲಿ ಇರಬೇಕು. ಆ ಬಾಯಿಯನ್ನು ತಯಾರುಮಾಡುವುದು ಇಂದಿನ ನಮ್ಮ ಕೆಲಸ.

ಹಾಗೆ ಹೋಗುವವರಿಗೆ ನಮ್ಮ ಅನುಭವದಿಂದ ಕೆಲವು ಮಾತುಗಳನ್ನು ಸೂಚಿಸುತ್ತೇವೆ. ಮೊದಲನೆಯದಾಗಿ, ಎಲ್ಲವನ್ನೂ ನೋಡಿಬಿಡಬೇಕೆಂಬ ಆಸೆಯನ್ನು ಬಿಡಬೇಕು. ಒಂದು ದಿನಕ್ಕೆ ಒಂದು ಅಥವಾ ಎರಡು ವಸ್ತುಗಳು ಸಾಕು. ಉಳಿದವು ಎಲ್ಲಿಗೂ ಓಡಿಹೋಗುವುದಿಲ್ಲ. ಎರಡನೆಯದಾಗಿ, ಹಿರಿಯರು ಮೊದಲೇ ಹೋಗಿ ತಾವು ನೋಡಿಕೊಂಡು ಬರಬೇಕು; ಕಟ್ಟಡಗಳಲ್ಲಿ ದುರಸ್ತಿನ ಕೆಲಸ ನಡೆಯುವಾಗ ಬಾಗಿಲು ಮುಚ್ಚಿರುವುದೂ ಉಂಟಾದ್ದರಿಂದ ವಿಚಾರಿಸಿ ಹೊರಡುವುದು ಮೇಲು. ಮೂರನೆಯದಾಗಿ, ಮಕ್ಕಳ ಕೈಗೆ ಒಂದು ಕಾಗದವನ್ನೂ ಸೀಸದಕಡ್ಡಿಯನ್ನೂ ಕೊಡಬೇಕು. ಒಂದು ವಸ್ತುವಿನ ಚಿತ್ರವನ್ನು ಬರೆಯಲು ಹೊರಟ ಮಗು ಅದನ್ನು ನಾವು ನೋಡುವುದರ ಹತ್ತರಷ್ಟು ನೋಡುತ್ತದೆ. ನಮ್ಮ ಹುಡುಗನು ಕಾಳಿಯ ಚಿತ್ರವನ್ನು ಬರೆದನು; ಅದು ಕುರಿಯಂತೆ ಕಂಡರೂ ನಾಯಿಯ ಬಾಲದ ಸೊಟ್ಟವನ್ನು ಅವನು ಬಿಟ್ಟಿರಲಿಲ್ಲ. ನಾಲ್ಕನೆಯದಾಗಿ, ಮಕ್ಕಳು ಕೇಳುವವರೆಗೆ ನಾವು ಹೇಳಬಾರದು. ಕೇಳಿದಾಗ ತಿಳಿಯದಿದ್ದರೆ ತಿಳಿಯದೆಂದು ಒಪ್ಪಿಕೊಳ್ಳಬೇಕು. ತಿಳಿಯದೆಂದು ಹೇಳುವ ಹಿರಿಯರನ್ನು ಮಕ್ಕಳು ಹಗುರವಾಗಿ ಕಾಣುತ್ತಾರೆಂಬುದು ನಮ್ಮ ಭ್ರಮೆ. ಕಡೆಯದಾಗಿ, ನೋಡಿದ್ದನ್ನು ಮನೆಯವರೆಗೂ ತರಬೇಕು. ಮನೆಯಲ್ಲಿ ಅಜ್ಜಿಯ ಕಾಲದ ಒರಳುಕಲ್ಲೋ, ಸೇರು ಪಾವು ಅಳೆಯುವ ಮಾನವೋ, ಹಳೆಯ ಕಾಗದಪತ್ರವೋ ಇರುತ್ತದೆ. ಅದಕ್ಕೂ ಒಂದು ಹೆಸರು, ಒಂದು ಊರು, ಒಂದು ವರ್ಷವನ್ನು ಮಕ್ಕಳ ಕೈಯಿಂದಲೇ ಚೀಟಿಯಲ್ಲಿ ಬರೆಯಿಸಿ ಅಂಟಿಸಬಹುದು. ನಮ್ಮ ಮನೆಯ ಒರಳಿಗೆ ಈಗ ಚೀಟಿ ಅಂಟಿದೆ. ಅದನ್ನು ಓದಿದಮೇಲೆ ನಮ್ಮ ಮನೆಯಾಕೆ, ಆ ಒರಳು ತಮ್ಮ ತಾಯಿಯ ತಾಯಿಯದೆಂಬ ಸಂಗತಿಯನ್ನು ಮೊದಲ ಬಾರಿಗೆ ನಮಗೂ ಹೇಳಿದರು.

ಹುಡುಗಿಯ ಪ್ರಶ್ನೆಗೆ ಉತ್ತರ ಹೇಳದೆ ಮುಗಿಸಲಾಗದು. ಪೂಜೆ ಯಾರು ಮಾಡುತ್ತಾರೆ, ಪಾಪ ಯಾರಿಗೆ? ಹೆಬ್ಬಾಳದಿಂದ ಹಿಂತಿರುಗುವಾಗ ಅವಳು ಮತ್ತೆ ಅದನ್ನೇ ಕೇಳಿದಳು. ಆತಕೂರಿನ ಗೊರವನಿಗೆ ಇದ್ದ ಕರ್ತವ್ಯ ಈಗ ನಮಗೆಲ್ಲ ಬಂದಿದೆಯೆಂದು ಹೇಳಿದೆವು. ಕಲ್ಲು ಊರನ್ನು ಬಿಟ್ಟು ನಾಡಿಗೆ ಸೇರಿತು; ಆದುದರಿಂದ ಪೂಜೆಯ ಸರದಿಯೂ ನಾಡಿಗೆ ಸೇರಿತು. ಹೂವು ಗಂಧಗಳ ಪೂಜೆ ಅಲ್ಲಿ ಸಲ್ಲದು. ಆದರೆ ಅದರ ಮುಂದೆ ಕುಳಿತು, ಅದು ಹೇಳುವುದನ್ನು ಕೊನೆಯವರೆಗೆ ಕೇಳಿ, ಮರೆಯದೆ ಇನ್ನೊಬ್ಬರಿಗೆ ಹೇಳುವುದು ಪೂಜೆಯಲ್ಲವೆ? ನೋಡದೆ ಹೋದವರಿಗೆ ಮಾತ್ರ ಪಾಪ.

ಅವಳು ಸ್ವಲ್ಪ ಯೋಚಿಸಿ, “ಹಾಗಾದರೆ ಹೋದ ವರ್ಷ ನಮಗೆ ಪಾಪ ಬಂದಿತ್ತು” ಎಂದಳು.

“ನಿಮಗಲ್ಲ, ನಮಗೆ” ಎಂದೆವು. ಚಿಕ್ಕ ಮಗು ನಿದ್ದೆಗಣ್ಣಿನಲ್ಲಿ ನಮ್ಮ ತೋಳಿಗೆ ಒರಗಿ, “ತಾತನಿಗೆ ಪಾಪ!” ಎಂದಿತು. ಶಾಸನದ ಅರ್ಥದಲ್ಲಿ ಹೇಳಿತೋ, ಕನಿಕರದ ಅರ್ಥದಲ್ಲಿ ಹೇಳಿತೋ ತಿಳಿಯಲಿಲ್ಲ. ಕಾಳಿಯನ್ನು ನೋಡಿ ಅದು ಮೊದಲು ಆಡಿದ ಮಾತೂ ಅದೇ. ಸಾವಿರ ವರ್ಷಗಳ ಹಿಂದೆ ಬೆಳತೂರಿನ ಗುಡ್ಡದಲ್ಲಿ ಸತ್ತ ನಾಯಿಗಾಗಿ ಆರು ವರ್ಷದ ಮಗುವೊಂದು ಮರುಗಿತಲ್ಲ. ಮಣಲೇರನು ಆ ಕಲ್ಲನ್ನು ನಡಿಸಿದಾಗ ಬಯಸಿದ್ದು ಇದಕ್ಕಿಂತ ಹೆಚ್ಚೇನೂ ಇರಲಾರದು.

ಬರುವ ರಜದಲ್ಲಿ ತಮ್ಮ ಮನೆಯ ಮಕ್ಕಳೂ ಒಂದು ಕಲ್ಲಿನ ಮುಂದೆ ಕುಳಿತುಕೊಳ್ಳುವಂತಾಗಲಿ ಎಂದು ಹಾರೈಸುತ್ತೇವೆ.